ಮಗಳಿಗೊಂದು ಪತ್ರ: ಹಿಂದಿನ ಸೀಟಿನಿಂದ

ಕೂಸೇ,

ಧಾರೆ ಎರೆಯುವ ಹೊತ್ತಿಗೆ ಸರಿಯಾಗಿ ವಿಡಿಯೊ ಕಾಲ್ ಕಟ್ ಆಯಿತು ಅಂತ ಬೇಜಾರು ಮಾಡಿಕೊಂಡಿದ್ದೀಯಂತೆ. ಅಮ್ಮ ಹೇಳಿದಳು. ಸಮಾಧಾನ ಮಾಡಿಕೋ, ಅಲ್ಲೇ ಇದ್ದ ನಮಗೂ ಏನೂ ಕಾಣಲಿಲ್ಲ. ಇಬ್ಬರು ಫೋಟೊದವರು, ಒಬ್ಬ ವಿಡಿಯೊದವನು ಮಂಟಪಕ್ಕೆ ಅಡ್ಡ ನಿಂತಿದ್ದರು. ನಾನು ನೋಡಿದ್ದು ಅವರ ಬೆನ್ನು. ಆಲ್ಬಂ ಬಂದ ಮೇಲೆ ನೀನು ಅಲ್ಲಿಂದ ನೋಡು, ನಾನು ಇಲ್ಲಿಂದ ನೋಡುತ್ತೇನೆ.

ದೊಡ್ಡಪ್ಪನ ಮಗನ ಮದುವೆ ಸುದ್ದಿಯೆಲ್ಲ ಅಮ್ಮ, ಚಿಕ್ಕಮ್ಮ ಸೇರಿ ನಿನಗೆ ಹೇಳಿ ಮುಗಿಸಿರುತ್ತಾರೆ. ಯಾರು ಯಾವ ಸೀರೆ ಉಟ್ಟಿದ್ದರು ಅನ್ನೋದು ನನಗೆ ಹೇಗೂ ಗೊತ್ತಿಲ್ಲ. ನಾನು ಬರೆಯೋಕೆ ಕೂತಿದ್ದು ದಾರಿಯ ಬಗ್ಗೆ. ಫೋನಿನಲ್ಲಿ ಹೇಳಿದರೆ ನೀನು ನಡುವೆಯೇ ನಗುತ್ತೀಯ. ಆಮೇಲೆ ನನಗೆ ಮುಂದಕ್ಕೆ ಹೇಳಲು ಆಗೋದಿಲ್ಲ. ಅದಕ್ಕೇ ಪತ್ರ.

ನನ್ನ ಬಲಗಣ್ಣಿನ ಪೊರೆ ತೆಗೆದು ಎರಡು ವಾರ ಆಗಿತ್ತು ಅಷ್ಟೇ. ಸದ್ಯಕ್ಕೆ ಗಾಡಿ ಓಡಿಸಬೇಡಿ ಅಂತ ಡಾಕ್ಟರು ಹೇಳಿದ್ದರು. ಬೆಂಗಳೂರಿಂದ ಶಿರಸಿಗೆ ನಾನೂರು ಕಿಲೋಮೀಟರ್ ಮೇಲಿದೆ. ನಿನ್ನ ತಮ್ಮ ನಾನೇ ಓಡಿಸ್ತೀನಿ ಅಂದ. ಅಮ್ಮನಿಗೆ ಮಂಡಿ ನೋವು, ಕಾಲು ಚಾಚೋಕೆ ಮುಂದಿನ ಸೀಟೇ ಬೇಕು. ಹಿಂದೆ ಚಿಕ್ಕಮ್ಮ ಮತ್ತು ನಾನು. ನಮ್ಮಿಬ್ಬರ ನಡುವೆ ಸೀರೆ ಬ್ಯಾಗುಗಳು, ಉಡುಗೊರೆಗೆ ತಗೊಂಡ ಹಿತ್ತಾಳೆ ದೀಪ. ನನಗೆ ಸಿಕ್ಕಿದ್ದು ಎಡಗಡೆಯ ಕಿಟಕಿ. ನಿನ್ನ ಜಾಗ.

ಇಷ್ಟು ವರ್ಷ ಈ ದಾರಿಯಲ್ಲಿ ಓಡಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ರಾತ್ರಿ ಬಸ್ಸು. ಆಗ ಒಂದೇ ರಸ್ತೆ, ಎದುರಿಗೆ ಲಾರಿ ಸಾಲು. ಆಮೇಲೆ ನಮ್ಮ ಹಳೇ ಕಾರು. ರಸ್ತೆ ನಾಲ್ಕು ಪಥ ಆಯಿತು, ಆರು ಪಥ ಆಯಿತು. ಈಗ ಅದಕ್ಕೆ ಎನ್‌ಎಚ್ 48 ಅಂತ ಹೆಸರು, ನನ್ನ ಬಾಯಲ್ಲಿ ಮಾತ್ರ ಇನ್ನೂ ಎನ್‌ಎಚ್ 4. ಆದರೆ ಇಷ್ಟು ಸಲ ಹೋದರೂ ನಾನು ನೋಡಿದ್ದು ಬರೀ ಟಾರು. ಮುಂದಿನ ಲಾರಿಯ ಹಿಂಬದಿ ಬರಹ, ಕನ್ನಡಿ, ಟಾರು. ಅಷ್ಟೇ.

ಬೆಳಿಗ್ಗೆ ನಾಲ್ಕೂವರೆಗೆ ಹೊರಟೆವು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ನಿನ್ನ ತಮ್ಮ ಟೋಲಿಗೆ ವರ್ಷದ ಪಾಸ್ ಮಾಡಿಸಿದ್ದಾನೆ. 2025ರ ಆಗಸ್ಟ್‌ನಲ್ಲಿ ಶುರುವಾಯಿತಲ್ಲ, ಆಗ 3000 ರೂಪಾಯಿಗೆ 200 ಸಲ ದಾಟಬಹುದಿತ್ತು. ಒಂದು ಟೋಲಿಗೆ 15 ರೂಪಾಯಿ ಬಿತ್ತು ಅಂತ ನಾನು ಲೆಕ್ಕ ಹೇಳಿದೆ. ಸಂತೋಷಕ್ಕೆ ಪ್ರತಿ ಟೋಲಿನಲ್ಲೂ ಹೇಳಿದೆ. ಸಿರಾ ದಾಟುವ ಹೊತ್ತಿಗೆ ಅಮ್ಮ, "ಸಾಕು ಮಾರಾಯ್ರೆ" ಅಂದಳು.

ಹಿರಿಯೂರು ಹತ್ತಿರ ಬಂದಾಗ ನಿನ್ನ ನೆನಪಾಯಿತು. ನೀನು ನಾಲ್ಕನೇ ಕ್ಲಾಸೋ ಐದನೇ ಕ್ಲಾಸೋ ಇದ್ದೆ. ಪಾಠದಲ್ಲಿ ಮಾರಿ ಕಣಿವೆ ಅಣೆಕಟ್ಟು ಬಂದಿತ್ತು. "ಅಪ್ಪಾ, ಇಲ್ಲೇ ಇದೆಯಂತೆ, ನಿಲ್ಸು" ಅಂತ ಹಿರಿಯೂರಿಂದ ಚಿತ್ರದುರ್ಗದವರೆಗೂ ಹೇಳುತ್ತಲೇ ಇದ್ದೆ. "ಅಲ್ಲಿ ನೀರೇ ಇಲ್ಲ, ಏನು ನೋಡ್ತೀಯ" ಅಂದೆ. ಕತ್ತಲೆಯಾಗುವ ಮೊದಲು ಊರು ಸೇರಬೇಕು ಅನ್ನೋದೊಂದೇ ನನ್ನ ತಲೆಯಲ್ಲಿ ಇದ್ದಿದ್ದು.

ಈ ಸಲ ನಾನೇ, "ನಿಲ್ಸೋ" ಅಂದೆ. ನಿನ್ನ ತಮ್ಮ ಕನ್ನಡಿಯಲ್ಲಿ ನನ್ನ ಮುಖ ನೋಡಿದ. ಹೆದ್ದಾರಿ ಬಿಟ್ಟು ಹೊಸದುರ್ಗದ ಕಡೆ ಹೋಗಬೇಕು, ದೂರವೇನಿಲ್ಲ. ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡವಾಗಿ ಕಲ್ಲಿನ ಕಟ್ಟೆ. ಕಟ್ಟಿ ಮುಗಿಸಿದ್ದು 1907ರಲ್ಲಿ. 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ಮತ್ತೆ ಬಿದ್ದಿದ್ದು 2022ರಲ್ಲಿ. ನಡುವೆ 89 ವರ್ಷ! ಆಮೇಲೆ 2025ರ ಜನವರಿಯಲ್ಲಿ ಇನ್ನೊಮ್ಮೆ. ಕೋಡಿ ಬಿದ್ದಿದ್ದನ್ನು ಕಾಣದೆಯೇ ಹುಟ್ಟಿ, ಮುದುಕರಾಗಿ, ಹೋದವರು ಆ ಸೀಮೆಯಲ್ಲಿ ಎಷ್ಟು ಜನ ಇರಬೇಕು ಹೇಳು. ನಾವು ಹೋದಾಗ ನೀರು ಕಣ್ಣು ಹೋಗುವಷ್ಟು ದೂರ ಇತ್ತು. ನೀರೇ ಇಲ್ಲ ಅಂತ ನಿನಗೆ ಅವತ್ತು ಹೇಳಿದ್ದು ನಾನು ನೋಡಿ ಹೇಳಿದ್ದಲ್ಲ. ಯಾರೋ ಹೇಳಿದ್ದನ್ನ ಕೇಳಿ ಹೇಳಿದ್ದು.

ಅಲ್ಲಿಂದ ಚಿತ್ರದುರ್ಗದವರೆಗೆ ನಾನು ಮಾತೇ ಆಡಲಿಲ್ಲ. ಬೇಜಾರಿಗಲ್ಲ, ನೋಡುತ್ತಿದ್ದೆ. ಪೊರೆ ತೆಗೆದ ಮೇಲೆ ಬಣ್ಣಗಳು ಹೇಗೆ ಕಾಣುತ್ತವೆ ಅಂತ ಯಾರೂ ಮೊದಲೇ ಹೇಳಿರಲಿಲ್ಲ ನನಗೆ. ಎಡಗಣ್ಣು ಮುಚ್ಚಿ ನೋಡಿದರೆ ಎಲ್ಲ ಹೊಸ ಪೇಂಟ್. ಬಲಗಣ್ಣು ಮುಚ್ಚಿದರೆ ಅದೇ ಹಳೇ ಚಹಾದ ಬಣ್ಣ. ಒಂದು ಕಣ್ಣು ಮುಚ್ಚಿ, ಇನ್ನೊಂದು ತೆರೆದು ಆಟ ಆಡುತ್ತಿದ್ದೆ. ಚಿಕ್ಕಮ್ಮ, "ಭಾವಾ, ಕಣ್ಣು ನೋಯ್ತಿದೆಯಾ?" ಅಂತ ಎರಡು ಸಲ ಕೇಳಿದಳು.

ಜೋಗಿಮಟ್ಟಿ ಗುಡ್ಡದ ಮೇಲೆ ಗಾಳಿಯಂತ್ರಗಳು. ಬಿಳಿ ಅಂದರೆ ಅಂಥ ಬಿಳಿ. ನೀನು ಎಣಿಸುತ್ತಿದ್ದೆ, ನೆನಪಿದೆಯಾ? ಹತ್ತು, ಇಪ್ಪತ್ತು ಅಂತ ಜೋರಾಗಿ ಎಣಿಸುತ್ತಾ ಹೋಗಿ ನಡುವೆ ನಿದ್ದೆ ಮಾಡಿಬಿಡುತ್ತಿದ್ದೆ. ಎದ್ದ ಮೇಲೆ, "ಎಷ್ಟಾಯ್ತು ಅಪ್ಪಾ?" ನನಗೆ ಹೇಗೆ ಗೊತ್ತಿರಬೇಕು, ನಾನು ಲಾರಿ ನೋಡುತ್ತಿದ್ದೆ. ಬಾಯಿಗೆ ಬಂದಿದ್ದೊಂದು ನಂಬರ್ ಹೇಳುತ್ತಿದ್ದೆ. ನೀನು ಅದನ್ನು ಶಾಲೆಯಲ್ಲಿ ಹೇಳಿಕೊಂಡು ಬರುತ್ತಿದ್ದೆ. ಜರ್ಮನಿಗೆ ಹೋದ ಮೊದಲ ತಿಂಗಳು ರೈಲಿನ ಕಿಟಕಿಯಿಂದ ಗಾಳಿಯಂತ್ರಗಳ ಫೋಟೊ ಕಳಿಸಿ ಕೆಳಗೆ "ಚಿತ್ರದುರ್ಗ" ಅಂತ ಬರೆದಿದ್ದೆಯಲ್ಲ, ಅದು ಇನ್ನೂ ನನ್ನ ಫೋನಿನಲ್ಲಿದೆ.

ದಾವಣಗೆರೆಯಲ್ಲಿ ಬೆಣ್ಣೆ ದೋಸೆ. ಇಲ್ಲಿ ನಾನು ತಪ್ಪು ಮಾಡಿದೆ, ಮುಂದೆ ಗೊತ್ತಾಗುತ್ತದೆ. ಸೌದೆ ಒಲೆ, ದಪ್ಪ ಕಾವಲಿ, ದೋಸೆ ಮೇಲೆ ಬೆಣ್ಣೆ, ಪಕ್ಕದಲ್ಲಿ ಬೆಳ್ಳಗಿನ ಆಲೂಗಡ್ಡೆ ಪಲ್ಯ. ಓಡಿಸುವಾಗ ನಾನು ಒಂದಕ್ಕೇ ಏಳುತ್ತಿದ್ದೆ, ನಿದ್ದೆ ಬರುತ್ತದೆ ಅಂತ. ಈಗ ಯಾವ ಜವಾಬ್ದಾರಿ? ಮೂರು ತಿಂದೆ. ಮೂರನೆಯದಕ್ಕೆ ಇನ್ನೊಂದು ಚೂರು ಬೆಣ್ಣೆ ಕೇಳಿದೆ.

ಹರಿಹರ ದಾಟಿ ತುಂಗಭದ್ರೆಯ ಸೇತುವೆ ಬಂದಾಗ ಚಿಕ್ಕಮ್ಮನಿಗೆ ನಾಣ್ಯ ಹಾಕಬೇಕಿತ್ತು. ಹೆದ್ದಾರಿಯಲ್ಲಿ ಕಾರು ನಿಲ್ಲಿಸೋಕಾಗಲ್ಲ ಅಂತ ತಮ್ಮ. ಹೊಳೆಗೆ ಏನೂ ಹಾಕದೆ ದಾಟಿದರೆ ಒಳ್ಳೆಯದಲ್ಲ ಅಂತ ಇವಳು. ಕೊನೆಗೆ ಓಡುವ ಕಾರಿನ ಕಿಟಕಿಯಿಂದಲೇ ಎಸೆದಳು. ಅದು ಸೇತುವೆಯ ಕಟ್ಟೆಗೆ ಟಣ್ ಅಂತ ಬಡಿದಿದ್ದು ಎಲ್ಲರಿಗೂ ಕೇಳಿಸಿತು. ಹಾವೇರಿಯವರೆಗೂ ಅವಳ ಮುಖ ಗಂಟೇ.

ಆ ಭಾಗದಲ್ಲಿ ಸರ್ವಿಸ್ ರಸ್ತೆ ಪೂರ್ತಿ ಮೆಕ್ಕೆಜೋಳ ಒಣಹಾಕಿದ್ದರು. ನವೆಂಬರ್ ಅಲ್ವಾ. ಕಿಲೋಮೀಟರುಗಟ್ಟಲೆ ಹಳದಿ ಜಮಖಾನೆ. ಸಿರಾದಲ್ಲಿ ಕೆಂಪಗಿದ್ದ ನೆಲ ಇಲ್ಲಿ ಕಪ್ಪಾಗಿತ್ತು. ಹಾನಗಲ್ ಕಡೆ ಹೋದ ಹಾಗೆ ಭತ್ತದ ಗದ್ದೆ. ಆಮೇಲೆ ನಮ್ಮ ಕಡೆಯ ಕೆಂಪು ಮಣ್ಣು. ಇದನ್ನೆಲ್ಲ ನೀನು ಒಂದು ಸಲ ಡ್ರಾಯಿಂಗ್ ಶೀಟಿನಲ್ಲಿ ಪಟ್ಟಿ ಪಟ್ಟಿಯಾಗಿ ಬಣ್ಣ ಹಚ್ಚಿ ತೋರಿಸಿ, "ಅಜ್ಜಿ ಮನೆ ದಾರಿ" ಅಂದಿದ್ದೆ. "ದಾರಿ ಎಲ್ಲಿದೆ ಇದರಲ್ಲಿ?" ಅಂತ ನಾನು ಕೇಳಿದ್ದೆ.

ಹಾವೇರಿಯಲ್ಲಿ ಏಲಕ್ಕಿ ಹಾರ ತಗೊಂಡೆವು. ಮದುಮಕ್ಕಳಿಗೆ ಎರಡು ಸಾಕಿತ್ತು. ಅಮ್ಮ ಇನ್ನೂ ಎರಡು ಕಟ್ಟಿಸಿಕೊಂಡಳು. ಯಾಕೆ ಅಂತ ನಾನು ಕೇಳಲಿಲ್ಲ. ನೀನೂ ಕೇಳಬೇಡ.

ಈಗ ಮುಖ್ಯ ವಿಷಯ.

ಹಾನಗಲ್ ದಾಟಿದ ಮೇಲೆ ರಸ್ತೆ ತಿರುವು ತಿರುವು, ಅಲ್ಲಲ್ಲಿ ಗುಂಡಿ. ಹೊರಗೆ ಮರಗಳು ಹಿಂದಕ್ಕೆ ಓಡುತ್ತಿದ್ದವು. ಕಾರಿನೊಳಗೆ ಮಲ್ಲಿಗೆ, ಏಲಕ್ಕಿ, ಎ.ಸಿ. ವಾಸನೆ ಎಲ್ಲ ಸೇರಿಕೊಂಡಿತ್ತು. ಮೊದಲು ಬಾಯಲ್ಲಿ ನೀರು ಬಂತು. ಆಮೇಲೆ ಹಣೆ ತಣ್ಣಗಾಯಿತು. ಬೆಣ್ಣೆ ದೋಸೆಯ ನೆನಪೇ ಬೇಡ ಅನಿಸಿತು, ಆದರೆ ಅದರದ್ದೇ ನೆನಪು ಬರುತ್ತಿತ್ತು. ಹೇಳೋಣ ಅಂದರೆ ನಾಚಿಕೆ. ಅರವತ್ತು ದಾಟಿದ ಗಂಡಸು, ಇಷ್ಟು ವರ್ಷ ಘಟ್ಟ ಹತ್ತಿ ಇಳಿದವನು. ಕಡೆಗೆ, "ಕಾರು ನಿಲ್ಸೋ" ಅಂದೆ.

"ಐದು ನಿಮಿಷ ತಡೀರಿ ಅಪ್ಪ, ಊರು ಬಂತು" ಅಂದ ನಿನ್ನ ತಮ್ಮ.

ಕೂಸೇ, ಇದು ನನ್ನದೇ ಮಾತು. ಅದೇ ಧಾಟಿ, ಅದೇ ಐದು ನಿಮಿಷ. ನಾನು ನಿನಗೆ ಎಷ್ಟು ಸಲ ಹೇಳಿದ್ದೇನೋ. ಆ ಐದು ನಿಮಿಷ ಹಿಂದಿನ ಸೀಟಿನಲ್ಲಿ ಎಷ್ಟು ಉದ್ದ ಇರುತ್ತದೆ ಅಂತ ನನಗೆ ಅವತ್ತು ಗೊತ್ತಾಯಿತು. ಸ್ಟೀರಿಂಗ್ ಹಿಡಿದವನಿಗೆ ಹೊಟ್ಟೆ ತೊಳೆಸುವುದಿಲ್ಲ, ತಿರುವು ಎಲ್ಲಿ ಅಂತ ಅವನಿಗೆ ಮೊದಲೇ ಗೊತ್ತಿರುತ್ತದೆ. ಅಷ್ಟು ಸಣ್ಣ ವಿಷಯ ನನಗೆ ಹೊಳೆದಿರಲೇ ಇಲ್ಲ. ನಿನ್ನದು ನಾಟಕ ಅಂದುಕೊಂಡಿದ್ದೆ. ಕಿಟಕಿ ಪಕ್ಕ ಕೂರೋಕೆ ನೆಪ, ಚಿಪ್ಸ್ ಜಾಸ್ತಿ ತಿಂದಿದ್ದಕ್ಕೆ ಶಿಕ್ಷೆ ಅಂತೆಲ್ಲ ಬೈದಿದ್ದೇನೆ. ಒಂದು ಸಲ ನನ್ನ ಹೊಸ ಸೀಟ್ ಕವರ್ ಹಾಳಾಯಿತು ಅಂತ ನಿನ್ನ ಜೊತೆ ಊರು ಮುಟ್ಟುವವರೆಗೂ ಮಾತಾಡಲಿಲ್ಲ. ನೀನು ಕಿಟಕಿಗೆ ಹಣೆ ಒತ್ತಿಕೊಂಡು ಕೂತಿದ್ದೆ. ಆ ಗಾಜು ತಣ್ಣಗಿರುತ್ತದೆ, ಹಿತ ಅನಿಸುತ್ತದೆ. ಅದೂ ಈಗ ಗೊತ್ತಾಯಿತು.

ತಮ್ಮ ನಿಲ್ಲಿಸಿದ. ಆದರೆ ಐದು ನಿಮಿಷ ಆದ ಮೇಲೆ. ವಿವರ ಬೇಡ. ಸೀಟ್ ಕವರ್ ಉಳಿಯಿತು, ನನ್ನ ರೇಷ್ಮೆ ಶಲ್ಯ ಹೋಯಿತು. ಅಮ್ಮ ಮುಂದಿನ ಸೀಟಿನಿಂದ ತಿರುಗಿ ನೋಡಿ ನಗು ತಡೆಯೋಕೆ ಪಾಪ ತುಂಬಾ ಕಷ್ಟಪಟ್ಟಳು. ಚಿಕ್ಕಮ್ಮ ಮಾತ್ರ ಬ್ಯಾಗಿನಿಂದ ನಿಂಬೆಹಣ್ಣು ತೆಗೆದು, ಉಗುರಿನಿಂದ ಕೆರೆದು ನನ್ನ ಕೈಗಿಟ್ಟಳು. ನಿನಗೆ ಅಂತ ಆ ಕಾಲದಿಂದ ಇಡುತ್ತಿದ್ದಳಂತೆ, ನೀನು ಹೋದ ಮೇಲೂ ಪ್ರಯಾಣ ಅಂದರೆ ಒಂದು ನಿಂಬೆಹಣ್ಣು ಹಾಕಿಕೊಳ್ಳುವ ರೂಢಿ ಬಿಟ್ಟಿಲ್ಲ.

ಊರಿನ ಮನೆ ಮುಟ್ಟಿದಾಗ ನಾಲ್ಕೂವರೆ. ಅಂಗಳಕ್ಕೆ ಚಪ್ಪರ, ಕಂಬಕ್ಕೆ ಸಿಂಗಾರ ಕಟ್ಟಿದ್ದರು. ದೊಡ್ಡಪ್ಪ ಅಡಿಕೆ ಕೊನೆ ಕೊಯ್ಯುವವರ ಜೊತೆ ಫೋನಿನಲ್ಲಿ ಜಗಳ ಆಡುತ್ತಿದ್ದ. ಅಡಿಕೆ ಕೊಯ್ಲಿನ ನಡುವೆ ಮದುವೆ ಯಾರಾದರೂ ಇಡುತ್ತಾರಾ? ಆದರೆ ಹುಡುಗಿ ಕಡೆಯವರು ಕೊಟ್ಟ ದಿನಕ್ಕೆ ಇವರು ಎರಡನೇ ಮಾತು ಆಡಲಿಲ್ಲ. ನಿನಗೂ ಗೊತ್ತಲ್ಲ, ತೋಟ ನೋಡಿಕೊಂಡು ಊರಲ್ಲೇ ಇರುವ ಹುಡುಗರಿಗೆ ನಮ್ಮ ಕಡೆ ಹೆಣ್ಣು ಸಿಗೋದೇ ಕಷ್ಟ. ನಿನ್ನ ಅಣ್ಣನಿಗೆ ಮೂವತ್ತಾರು. ಎಷ್ಟು ಜಾತಕ ಹೋಗಿ ವಾಪಸ್ ಬಂದಿತ್ತೋ. ಈ ಹುಡುಗಿ ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಾಳೆ. "ಇಂಟರ್‌ನೆಟ್ ಇದ್ದರೆ ಸಾಕು, ತೋಟ ನಂಗಿಷ್ಟ" ಅಂದಳಂತೆ. ದೊಡ್ಡಪ್ಪ ನಿಶ್ಚಿತಾರ್ಥಕ್ಕೆ ಮೊದಲೇ ತೋಟದ ನಡುವೆ ಕೇಬಲ್ ಎಳೆಸಿದ. ಅಡಿಕೆ ಮರದಿಂದ ಅಡಿಕೆ ಮರಕ್ಕೆ. ಮನೆಗೆ ಬಂದವರಿಗೆಲ್ಲ ಮದುವೆ ಒಡವೆಗಿಂತ ಮೊದಲು ಆ ಕೇಬಲ್ ತೋರಿಸುತ್ತಾನೆ.

ಜಗುಲಿಯಲ್ಲಿ ಅಜ್ಜಿ ಕೂತಿದ್ದಳು. ನನ್ನ ಮುಖ ನೋಡಿದ್ದೇ ಬೆಲ್ಲ, ನೀರು ತರಿಸಿದಳು. ಆಸರಿಗೆ ಕುಡಿದು ಸುಧಾರಿಸಿಕೊಳ್ಳುವಷ್ಟರಲ್ಲಿ ಕಾರಿನ ಕಡೆ ನೋಡಿ, "ಕೂಸು ಬೈಂದಿಲ್ಯಾ?" ಅಂದಳು. ಹೊಸ ಕೆಲಸ, ರಜೆ ಇಲ್ಲ ಅಂತ ತಿಂಗಳಿಂದ ಫೋನಿನಲ್ಲಿ ಹೇಳುತ್ತಲೇ ಇದ್ದೆವು. ಅವಳಿಗೆ ನೆನಪಿದೆ. ಆದರೂ ಹಿಂದಿನ ಬಾಗಿಲು ತೆರೆದು ನಾನು ಇಳಿದಿದ್ದು ನೋಡಿ ಹಾಗೆ ಕೇಳಿದಳು ಅನಿಸುತ್ತದೆ. ಆ ಬಾಗಿಲಿಂದ ಯಾವಾಗಲೂ ಇಳಿಯುತ್ತಿದ್ದವಳು ನೀನು. ಹಸಿರು ಮುಖ ಮಾಡಿಕೊಂಡು.

ಮರುದಿನ ಊಟ ಚೆನ್ನಾಗಿತ್ತು. ಉಪ್ಪಿನಲ್ಲಿಟ್ಟ ಮಾವಿನ ಅಪ್ಪೆಹುಳಿ ಎರಡು ಲೋಟ ಕುಡಿದೆ. ಹೋಳಿಗೆ ಬಡಿಸುವಾಗ ನಿನ್ನ ತಮ್ಮನ ಪಂಚೆ ಸಡಿಲಾಗಿ ಸಣ್ಣ ಗಲಾಟೆಯಾಯಿತು, ಅದನ್ನು ಅವನೇ ಹೇಳಲಿ.

ವಾಪಸ್ ಹೊರಡುವಾಗ ಅಮ್ಮ, "ನೀವು ಮುಂದೆ ಕೂತುಕೊಳ್ಳಿ, ನಾನು ಹೇಗೋ ಹಿಂದೆ ಅಡ್ಜಸ್ಟ್ ಮಾಡ್ಕೋತೀನಿ" ಅಂದಳು. ಬೇಡ ಅಂದೆ. ಈ ಸಲ ಬಲಗಡೆ ಕೂತೆ. ಬರುವಾಗ ಗಾಳಿಯಂತ್ರ ಆ ಕಡೆಗೆ ಬರುತ್ತವೆ. ಕೈಯಲ್ಲಿ ನಿಂಬೆಹಣ್ಣು, ಹೊಟ್ಟೆಯಲ್ಲಿ ಬರೀ ಮಜ್ಜಿಗೆ ಅನ್ನ. ದಾವಣಗೆರೆಯಲ್ಲಿ ದೋಸೆಗೆ ಅವರು ಇಳಿದರು, ನಾನು ಕಾರಲ್ಲೇ ಇದ್ದೆ.

ಚಿತ್ರದುರ್ಗದ ಹತ್ತಿರ ಒಂದು ಫೋಟೊ ತೆಗೆದಿದ್ದೇನೆ, ವಾಟ್ಸ್ಆ್ಯಪಿಗೆ ಹಾಕುತ್ತೇನೆ. ಅಲುಗಾಡಿದೆ. ಎಣಿಸೋಕೂ ಶುರು ಮಾಡಿದ್ದೆ. ನಲವತ್ಮೂರರವರೆಗೆ ನೆನಪಿದೆ, ಆಮೇಲೆ ನಿದ್ದೆ ಬಂತು. ಎದ್ದು, "ಎಷ್ಟಾಯ್ತೋ?" ಅಂತ ತಮ್ಮನನ್ನು ಕೇಳಿದೆ.

"ನೂರಾ ಹನ್ನೆರಡು" ಅಂದ, ರಸ್ತೆ ನೋಡುತ್ತಲೇ.

ನಿನ್ನ,
ಅಪ್ಪ