ಬೋಟಿನ ಹೊದಿಕೆಯ ಬಗ್ಗೆ ಅಣ್ಣನಿಗೆ

ಫೋರ್ಟ್ ಲಾಡರ್‌ಡೇಲ್, ಫ್ಲಾರಿಡಾ
ಏಪ್ರಿಲ್ 12

ಪ್ರೀತಿಯ ಅಣ್ಣನಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಹೇಗಿದೆ ಎಂದು ಅತ್ತಿಗೆಯೇ ಫೋನು ಮಾಡಿ ತಿಳಿಸಲಿ. ಅಮ್ಮನನ್ನು ಕೇಳಿದರೆ ಯಾವಾಗಲೂ ‘ಅಡ್ಡಿಲ್ಲ’ ಎನ್ನುತ್ತಾಳೆ.

ನಾನು ಬೋಟುಗಳ ಹೊದಿಕೆ ಹೊಲಿಯುವ ಅಂಗಡಿಯ ಬಟ್ಟೆಯನ್ನೇ ನಮ್ಮ ಮೀನುಗಾರಿಕೆ ಬೋಟಿನ ಮಳೆಗಾಲದ ಹೊದಿಕೆಗೆ ಕಳುಹಿಸಲು ಆಗುತ್ತದೆಯೇ ಎಂದು ಕೇಳಿದ್ದೆಯಲ್ಲ. ಕಳುಹಿಸಬಹುದು, ಆದರೆ ಬೇಡ. ಯಾಕೆಂದು ಹೇಳುತ್ತೇನೆ.

ಇಲ್ಲಿ ಹೆಚ್ಚಾಗಿ ಬಳಸುವುದು ಸನ್‌ಬ್ರೆಲ್ಲಾ. ಉತ್ತರ ಕ್ಯಾರೊಲಿನಾದ ಗ್ಲೆನ್ ರೇವನ್ ಕಂಪನಿ 1961ರಿಂದ ತಯಾರಿಸುತ್ತಿರುವ, ಅಕ್ರಿಲಿಕ್ ಎಂಬ ಕೃತಕ ನೂಲಿನ ಬಟ್ಟೆ ಇದು. ನೂಲು ತೆಗೆಯುವ ಮೊದಲು, ಅಕ್ರಿಲಿಕ್ ಇನ್ನೂ ದ್ರವವಾಗಿರುವಾಗಲೇ ಅದಕ್ಕೆ ಬಣ್ಣ ಬೆರೆಸುತ್ತಾರೆ. ಆದ್ದರಿಂದ ಎಳೆಯೊಂದನ್ನು ಬಿಡಿಸಿ ತುಂಡು ಮಾಡಿದರೆ ಒಳಗೂ ಅದೇ ಬಣ್ಣ. ವರ್ಷಗಟ್ಟಲೆ ಬಿಸಿಲಿನಲ್ಲಿದ್ದರೂ ಅಷ್ಟು ಸುಲಭವಾಗಿ ಬಿಳುಚಿಕೊಳ್ಳುವುದಿಲ್ಲ. ನೇಯ್ಗೆಯ ಸಂದಿನಲ್ಲಿ ಗಾಳಿಯೂ ಆಡುತ್ತದೆ. ಬಿಸಿಲಿಗೇ ಹೆದರಬೇಕಾದ ಈ ಊರಿಗೆ ಇದಕ್ಕಿಂತ ಒಳ್ಳೆಯ ಬಟ್ಟೆಯನ್ನು ನಾನು ಕಂಡಿಲ್ಲ.

ನಮ್ಮ ಗಂಗೊಳ್ಳಿಯ ಕಥೆ ಬೇರೆ. ಅಲ್ಲಿ ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ, ಅದರಲ್ಲಿ ಬಹುಪಾಲು ಬೋಟು ದಡದಲ್ಲಿರುವ ತಿಂಗಳುಗಳಲ್ಲೇ. ಅಕ್ರಿಲಿಕ್ ಬಟ್ಟೆ ನೀರನ್ನು ಜಾರಿಸುತ್ತದೆ, ಆದರೆ ಪೂರ್ತಿ ತಡೆಯುವುದಿಲ್ಲ. ಎಲ್ಲಾದರೂ ನೀರು ನಿಂತಿತೋ, ನಿಧಾನವಾಗಿ ಒಳಗೆ ಇಳಿಯುತ್ತದೆ. ಹೀಗಾಗಿ ನಿನಗೆ ಬೇಕಾದದ್ದು ಪಿವಿಸಿ ಲೇಪನದ ಪಾಲಿಯೆಸ್ಟರ್, ಅಂದರೆ ಲಾರಿಯವರು ಹೊದಿಸುವಂಥ ದಪ್ಪ ಟಾರ್ಪಾಲಿನ್. ತೆಳು ನೀಲಿ ಟಾರ್ಪಾಲಿನನ್ನು ಇನ್ನು ಮುಂದೆ ದಯವಿಟ್ಟು ತರಬೇಡ. ಅದು ಬಿಸಿಲಿಗೆ ಹಪ್ಪಳವಾಗಿ ಚೂರುಚೂರಾಗಿ ಉದುರುತ್ತದೆ, ಉದುರಿದ್ದೆಲ್ಲ ಹೊಳೆಗೇ ಸೇರುತ್ತದೆ. ನಮ್ಮ ಅನ್ನದ ನೀರಿಗೆ ನಾವೇ ಪ್ಲಾಸ್ಟಿಕ್ ಸುರಿಯುವುದು ನನಗೆ ಸಹಿಸದು.

ಪಿವಿಸಿಯಲ್ಲಿ ಒಂದು ತೊಂದರೆ ಇದೆ, ಅದು ಉಸಿರಾಡುವುದಿಲ್ಲ. ನಮ್ಮದು ಮರದ ಬೋಟು. ಮರವನ್ನು ಕೊಳೆಸುವುದರಲ್ಲಿ ಉಪ್ಪುನೀರಿಗಿಂತ ಮಳೆಯ ಸಿಹಿನೀರೇ ಮುಂದು. ಮೇಲಿನಿಂದ ಒಂದು ಹನಿ ಬೀಳದಿದ್ದರೂ ಒಳಗಿನ ಸೆಕೆಗೆ ಹೊದಿಕೆಯ ಅಡಿಭಾಗ ಬೆವರಿ ತೊಟ್ಟಿಕ್ಕುತ್ತದೆ. ಮುಂದೆಯೂ ಹಿಂದೆಯೂ ಗಾಳಿಗೆ ದಾರಿ ಬಿಡು. ಬಿಗಿಯಾಗಿ ಮುಚ್ಚಿ ಕಟ್ಟಿದರೆ ಹೊದಿಸಿದ ಲಾಭವೇ ಇಲ್ಲ. ನಡುವೆ ಉದ್ದಕ್ಕೆ ಒಂದು ಗಳು ಕೊಟ್ಟು, ಹಂಚಿನ ಮನೆಯ ಮಾಡಿನ ಹಾಗೆ ಎರಡೂ ಕಡೆಗೆ ಇಳಿಜಾರು ಮಾಡಿಸು. ಕ್ಯಾಬಿನ್ನಿನ ಮೂಲೆ, ಕಂಬದ ತುದಿ, ಹೀಗೆ ಬಟ್ಟೆ ತಿಕ್ಕಾಡುವ ಕಡೆಯೆಲ್ಲ ಎರಡನೆಯ ಪದರ ಹೊಲಿಸು. ಹೊದಿಕೆ ಹರಿಯಲು ಶುರುವಾಗುವುದೇ ಅಲ್ಲಿಂದ.

ಇನ್ನು ದಾರದ ವಿಷಯ. ಎಲ್ಲರೂ ಬಟ್ಟೆಯ ಬೆಲೆ ಕೇಳುತ್ತಾರೆ, ದಾರದ ಬಗ್ಗೆ ಕೇಳುವವರಿಲ್ಲ. ರಿಪೇರಿಗೆ ಬರುವ ಬಿಮಿನಿಗಳನ್ನು, ಅಂದರೆ ಪೈಪಿನ ಚೌಕಟ್ಟಿನ ಮೇಲೆ ಎಳೆದು ಕಟ್ಟುವ ನೆರಳುಚಾವಣಿಗಳನ್ನು, ಮೇಜಿನ ಮೇಲೆ ಹರಡಿದಾಗ ನಾನು ಮೊದಲು ಹೊಲಿಗೆಯ ಮೇಲೆ ಉಗುರಿನಿಂದ ಗೀರಿ ನೋಡುತ್ತೇನೆ. ಬಟ್ಟೆ ಗಟ್ಟಿಮುಟ್ಟಾಗಿರುತ್ತದೆ, ಬಣ್ಣವೂ ಹಾಗೇ ಇರುತ್ತದೆ. ದಾರ ಮಾತ್ರ ಉಗುರು ತಾಗಿದಲ್ಲೆಲ್ಲ ಪುಡಿಯಾಗಿ ಎದ್ದುಬರುತ್ತದೆ. ಒಳಗೆ ಮಡಿಕೆಯಲ್ಲಿ ಅಡಗಿದ್ದ ದಾರವನ್ನು ಎಳೆದರೆ ಅದು ಹೊಸದರಂತೆ ಗಟ್ಟಿ. ಬಿಸಿಲು ಎಷ್ಟು ತಿನ್ನುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹತ್ತಿಯ ದಾರವನ್ನಂತೂ ಹತ್ತಿರ ಸೇರಿಸಬೇಡ. ಬಿಸಿಲು ತಡೆಯುವ ದಪ್ಪ ಪಾಲಿಯೆಸ್ಟರ್ ದಾರವನ್ನೇ ಕೇಳು. ಇಲ್ಲಿ ಪಿಟಿಎಫ್‌ಇ, ಅಂದರೆ ಟೆಫ್ಲಾನ್ ಜಾತಿಯ ದಾರವೂ ಇದೆ. ಅದಕ್ಕೆ ಬಿಸಿಲು ಏನೂ ಮಾಡಲಾರದು, ಆದರೆ ಬೆಲೆ ಹಲವು ಪಟ್ಟು. ಎಲ್ಲಕ್ಕಿಂತ ಮೇಲೆ ಬರುವ ಹೊಲಿಗೆಗಳಿಗಾದರೂ ಆಗಲಿ ಎಂದು ಅದರ ಒಂದು ಉಂಡೆಯನ್ನು ಕಳುಹಿಸುತ್ತಿದ್ದೇನೆ. ಬಟ್ಟೆಯ ಅಂಚುಗಳನ್ನು ಒಂದರೊಳಗೊಂದು ಮಡಚಿ ಎರಡು ಸಾಲು ಹೊಲಿಯಲು ಹೇಳು. ಮಡಿಕೆಯ ಬಾಯಿ ಇಳಿಜಾರಿನ ಕೆಳಗಡೆಗೇ ಇರಬೇಕು, ಇಲ್ಲದಿದ್ದರೆ ನೀರು ಅದರೊಳಗೇ ನುಗ್ಗುತ್ತದೆ.

ತೊಳೆಯುವುದು ಸುಲಭ: ಸೋಪಿನ ನೀರು, ಮೆತ್ತಗಿನ ಬ್ರಷ್, ಆಮೇಲೆ ಧಾರಾಳವಾಗಿ ಸಿಹಿನೀರು. ಕಲೆ ತೆಗೆಯಲು ಸೀಮೆಎಣ್ಣೆ, ಥಿನ್ನರ್ ಮುಟ್ಟಿಸಬೇಡ, ಪಿವಿಸಿ ಪೆಡಸಾಗಿ ಬಿರಿಯುತ್ತದೆ. ಡೀಸೆಲ್ ಬಿದ್ದರೆ ಕೂಡಲೇ ತೊಳೆದುಬಿಡು. ಆಗಸ್ಟಿನಲ್ಲಿ ಬಿಚ್ಚಿದ ಮೇಲೆ ಹುಡುಗರು ಅವಸರದಲ್ಲಿ ಒದ್ದೆಯನ್ನೇ ಮಡಚಿ ಮೂಲೆಗೆ ಎಸೆಯುತ್ತಾರೆ. ಬೂಸು ಹಿಡಿಯಲು ಅಷ್ಟೇ ಸಾಕು. ಎರಡೂ ಮಗ್ಗುಲು ಒಣಗಿಸಿ, ಸುರುಳಿ ಸುತ್ತಿ, ಇಲಿ ಬಾರದ ಅಟ್ಟದಲ್ಲಿಡು.

ಇಲ್ಲಿ ಚಂಡಮಾರುತದ ಕಾಲ ಶುರುವಾಗುವುದೂ ಜೂನ್ 1ಕ್ಕೇ, ನಿಮ್ಮ ಮೀನುಗಾರಿಕೆ ನಿಷೇಧ ಶುರುವಾಗುವ ದಿನವೇ. ಬಿರುಗಾಳಿಯ ಮುನ್ಸೂಚನೆ ಬಂದರೆ ಇಲ್ಲಿಯವರು ಬಿಮಿನಿಗಳನ್ನೆಲ್ಲ ಬಿಚ್ಚಿ ಒಳಗಿಡುತ್ತಾರೆ. ಗಾಳಿ ತುಂಬಿದ ಬಟ್ಟೆ ಹಾಯಿಯಾಗಿ ಬೋಟಿನ ಹಗ್ಗವನ್ನೇ ಕಿತ್ತೀತು. ಚಂಡಮಾರುತದ ಎಚ್ಚರಿಕೆ ಬಂದರೆ ನೀನೂ ಹೊದಿಕೆಗೆ ಆಸೆಪಡದೆ ಬಿಚ್ಚಿಬಿಡು.

ಕುಂದಾಪುರದಲ್ಲಿ ಲಾರಿಯ ಟಾರ್ಪಾಲಿನ್ ಹೊಲಿಯುವವರನ್ನು ವಿಚಾರಿಸಿ ಮೇ ಮೊದಲ ವಾರದೊಳಗೇ ಕೊಡು, ತಡವಾದರೆ ಅವರಿಗೆ ಪುರುಸೊತ್ತಿರುವುದಿಲ್ಲ. ಕ್ಯಾಬಿನ್ನಿನ ಎತ್ತರ, ಬೋಟಿನ ಉದ್ದಗಲ ಅಳೆದು ನನಗೆ ಕಳುಹಿಸು. ಎಲ್ಲಿ ಹೊಲಿಗೆ ಬರಬೇಕು, ಎಲ್ಲಿ ಗಾಳಿಗೆ ಬಿಡಬೇಕು ಎಂದು ಚಿತ್ರ ಬರೆದು ಕಳುಹಿಸುತ್ತೇನೆ.

ಅಮ್ಮನಿಗೂ ಅತ್ತಿಗೆಗೂ ನಮಸ್ಕಾರಗಳು, ಮಕ್ಕಳಿಗೆ ಮುತ್ತು.

ನಿನ್ನ ತಂಗಿ