ಶವರ್ ಕ್ಯಾಬಿನ್ ಬಿಚ್ಚಿ ಸರಿಯಾಗಿ ಕೂರಿಸಿಕೊಡುವ ಬಗ್ಗೆ ದೂರು

ಇಂದ:
ಬಿಲ್ಲಿನಲ್ಲಿರುವ ಹೆಸರು ಮತ್ತು ವಿಳಾಸದ ಗ್ರಾಹಕ, ಕುವೆಂಪುನಗರ, ಮೈಸೂರು

ಗೆ:
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ವಿಷಯ: ರೆಡಿಮೇಡ್ ಶವರ್ ಕ್ಯಾಬಿನ್ ಅಳವಡಿಕೆಯಲ್ಲಿ ಲೋಪ, ನೀರು ಸೋರಿಕೆ

ಮಾನ್ಯರೇ,

ಕಳೆದ ತಿಂಗಳು 9ನೇ ತಾರೀಕು ನಿಮ್ಮ ಹುಡುಗರು ನಮ್ಮ ಮನೆಯ ಬಚ್ಚಲಿನಲ್ಲಿ ಶವರ್ ಕ್ಯಾಬಿನ್ ಕೂರಿಸಿ ಹೋದರು. ಅವತ್ತಿನಿಂದ ಇವತ್ತಿನವರೆಗೆ ನಮ್ಮ ತಾಯಿ ಅದರೊಳಗೆ ಒಂದು ದಿನವೂ ಸ್ನಾನ ಮಾಡಿಲ್ಲ. ಅದನ್ನು ಕೊಂಡಿದ್ದೇ ಅವರಿಗೋಸ್ಕರ.

ತಾಯಿಗೆ 74 ವರ್ಷ. ಎರಡೂ ಮಂಡಿಗೆ ಆಪರೇಷನ್ ಆಗಿದೆ, ಕಾಲು ಮೇಲೆತ್ತಲು ಕಷ್ಟ. ಈ ವಿಷಯವನ್ನು ನಿಮ್ಮ ಶೋರೂಮಿನಲ್ಲಿ ಮೊದಲೇ ಹೇಳಿದ್ದೆ. 'ನಿಂತು ಸ್ನಾನ ಮಾಡುವ ಟ್ರೇ ಎತ್ತರ ಬರೀ 4 ಸೆಂ.ಮೀ. ಸಾರ್, ಹೊಸ್ತಿಲು ದಾಟಿದ ಹಾಗೆ ದಾಟಬಹುದು' ಅಂತ ಹೇಳಿಯೇ 90 ಸೆಂ.ಮೀ. ಚೌಕದ ಈ ಮಾಡೆಲ್ ಕೊಡಿಸಿದರು. ಕ್ಯಾಬಿನ್‌ಗೆ 68,000 ರೂಪಾಯಿ, ಕೂರಿಸುವ ಕೂಲಿ 6,500 ರೂಪಾಯಿ, ಪೂರ್ತಿ ಮುಂಗಡವಾಗಿಯೇ ಕೊಟ್ಟಿದ್ದೇನೆ.

ಅಳತೆಗೆ ಬಂದವರು ಟೇಪ್ ಹಿಡಿದು ಉದ್ದ, ಅಗಲ ಬರೆದುಕೊಂಡರು. ನೀರು ಎಲ್ಲಿಂದ ಹೊರಗೆ ಹೋಗುತ್ತದೆ ಅಂತ ನೋಡಲೇ ಇಲ್ಲ. ನಮ್ಮ ಬಚ್ಚಲ ನೀರು ಹೊರಗೆ ಹೋಗುವ ನಹಾನಿ ಟ್ರ್ಯಾಪ್ ಇರುವುದು ಮೂಲೆಯಲ್ಲಿ, ನಿಮ್ಮ ಟ್ರೇಯ ತೂತು ಇರುವುದು ನಡುವೆ. ಅಲ್ಲಿಂದ ಇಲ್ಲಿಗೆ ಪೈಪು ಇಳಿಜಾರಾಗಿ ಬರಬೇಕಾದರೆ ನೆಲ ಅಗೆಯಲೇಬೇಕು. ನಮ್ಮದು ನೆಲ ಅಂತಸ್ತು, ಕೆಳಗೆ ಯಾರ ಮನೆಯೂ ಇಲ್ಲ, ಅಗೆಯುವುದಕ್ಕೆ ಅಡ್ಡಿಯೇನೂ ಇರಲಿಲ್ಲ. ಆದರೆ ಫಿಟ್ಟಿಂಗ್‌ಗೆ ಬಂದವರ ಹತ್ತಿರ ಉಳಿ, ಸುತ್ತಿಗೆ ಕೂಡ ಇರಲಿಲ್ಲ. 'ಅದು ಗಾರೆಯವರ ಕೆಲಸ ಅಮ್ಮ' ಅಂತ ನನ್ನ ಹೆಂಡತಿಗೆ ಹೇಳಿ, ನಾಲ್ಕು ಮೂಲೆಗೆ ಇಟ್ಟಿಗೆ ಇಟ್ಟು ಅದರ ಮೇಲೆ ಟ್ರೇ ಕೂರಿಸಿ, ಮುಂದೆ ಒಂದು ಪಟ್ಟಿ ಹೊಡೆದು ಮುಚ್ಚಿಬಿಟ್ಟರು. ನಾನು ಆಗ ಆಫೀಸಿನಲ್ಲಿದ್ದೆ. ಒಂದು ಫೋನ್ ಮಾಡಿ ಕೇಳಿದ್ದರೆ ಕೆಲಸ ನಿಲ್ಲಿಸಿ ಅಂದಿರುತ್ತಿದ್ದೆ.

ಈಗ ಮೆಟ್ಟಿಲು 19 ಸೆಂ.ಮೀ. ಇದೆ, ಹತ್ತಿರ ಹತ್ತಿರ ಒಂದು ಗೇಣು. ಮೊದಲ ದಿನ ತಾಯಿ ಗಾಜಿನ ಬಾಗಿಲು ಹಿಡಿದುಕೊಂಡು ಹತ್ತಲು ನೋಡಿದರು. ಬಾಗಿಲು ಅವರ ಕಡೆಗೇ ತೆರೆದುಕೊಂಡು ವಾಲಿದರು. ಹೆಂಡತಿ ಹಿಂದೆಯೇ ಇದ್ದಿದ್ದರಿಂದ ಹಿಡಿದುಕೊಂಡಳು. ಅವತ್ತಿನಿಂದ ಕ್ಯಾಬಿನ್ ಪಕ್ಕ ಉಳಿದಿರುವ ಇಕ್ಕಟ್ಟಿನಲ್ಲಿ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು, ಬಕೆಟ್ಟಿನಲ್ಲಿ ನೀರು ತೋಡಿಕೊಂಡು ಸ್ನಾನ ಮಾಡುತ್ತಿದ್ದಾರೆ. ಮೊದಲು ಅಲ್ಲಿ ಕೈಕಾಲು ಆಡಿಸಲಾದರೂ ಜಾಗವಿತ್ತು.

ಇನ್ನು ಸೋರಿಕೆ. ಟ್ರೇಯ ನಡುವೆ ಹಿಮ್ಮಡಿ ಊರಿ ನಿಂತರೆ ಡಬ್ ಅಂತ ಒಳಗೆ ತಗ್ಗುತ್ತದೆ. ಆಗ ಗೋಡೆಯ ಅಂಚಿನಲ್ಲಿ ಹಾಕಿದ ಸಿಲಿಕಾನ್ ಉಗುರಿನ ದಪ್ಪ ಬಾಯಿ ಬಿಡುತ್ತದೆ, ನಿಂತ ನೀರು ಗುಳ್ಳೆ ಎಬ್ಬಿಸುತ್ತಾ ಅದರೊಳಕ್ಕೆ ಇಳಿಯುತ್ತದೆ. ಕಾಲು ತೆಗೆದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ಹತ್ತು ದಿನದಲ್ಲಿ ಪಕ್ಕದ ಮಲಗುವ ಕೋಣೆಯ ಗೋಡೆ ಮೊಣಕಾಲೆತ್ತರಕ್ಕೆ ಒದ್ದೆಯಾಗಿ ಬಣ್ಣ ಉಬ್ಬಿತು. ನಮಗೆ ಗೊತ್ತಿರುವ ಮೇಸ್ತ್ರಿಯನ್ನು ಕರೆಸಿ ಮುಂದಿನ ಪಟ್ಟಿ ತೆಗೆಸಿದೆ. ಟಾರ್ಚ್ ಬಿಟ್ಟು ನೋಡಿದರೆ ಇಟ್ಟಿಗೆಗಳ ನಡುವೆ ಪೂರ್ತಿ ಖಾಲಿ, ಒಂದು ಬಾಣಲಿ ಗಾರೆಯನ್ನೂ ಹಾಕಿಲ್ಲ. ರಸಮಟ್ಟ ಇಟ್ಟರೆ ಟ್ರೇ ಗೋಡೆಯ ಕಡೆಗೇ ವಾಲಿದೆ.

ನಿಮ್ಮ ಕಸ್ಟಮರ್ ಕೇರ್‌ಗೆ ಐದು ಸಲ ಫೋನ್ ಮಾಡಿದ್ದೇನೆ. ಒಬ್ಬರು ಬಂದು ಹಳೆಯ ಸಿಲಿಕಾನ್ ಮೇಲೇ ಇನ್ನೊಂದು ಗೆರೆ ಎಳೆದು ಹೋದರು. ಮೂರನೇ ದಿನಕ್ಕೆ ಅದೂ ಬಿಟ್ಟುಕೊಂಡಿತು. ಆಮೇಲೆ ಬಂದ ಉತ್ತರ: 'ಸಿಲಿಕಾನ್‌ಗೆ ವಾರಂಟಿ ಇಲ್ಲ, ನಿಮ್ಮ ನೆಲ ಸಮ ಇಲ್ಲ.' ನೆಲ ಸಮ ಇಲ್ಲದಿದ್ದರೆ ಅಳತೆಗೆ ಬಂದ ದಿನವೇ ಹೇಳಬೇಕಿತ್ತು. ಡಬ್ಬದಲ್ಲಿ ಬಂದ ನಿಮ್ಮದೇ ಕೈಪಿಡಿಯಲ್ಲಿ ಟ್ರೇಯ ತಳ ಪೂರ್ತಿ ಗಾರೆಯ ಮೇಲೆ ಕೂರಬೇಕು, ಅಂಚು ಮುಚ್ಚುವ ಮೊದಲು ನೀರು ಬಿಟ್ಟು ನೋಡಬೇಕು ಅಂತ ಚಿತ್ರ ಸಮೇತ ಬರೆದಿದೆ. ಎರಡನ್ನೂ ಮಾಡಿಲ್ಲ. ನಡುವೆ ಆಸರೆ ಇಲ್ಲದ ಟ್ರೇ ತಗ್ಗುತ್ತಿರುವಷ್ಟು ದಿನ ಯಾವ ಸಿಲಿಕಾನ್ ಹಾಕಿದರೂ ಕಿತ್ತು ಬರುತ್ತದೆ. ಕೊನೆಗೆ ಮುಂದಿನ ಖರೀದಿಗೆ 2,000 ರೂಪಾಯಿಯ ಕೂಪನ್ ಕಳಿಸಿದ್ದೀರಿ. ಅದು ನಮಗೆ ಬೇಡ.

ಕ್ಯಾಬಿನ್ ಪೂರ್ತಿ ಬಿಚ್ಚಿ, ನೆಲ ಅಗೆದು ಪೈಪು ಹೂಳಿ, ಕೆಳಗೆ ಗಾರೆ ಹಾಕಿ, ಹೇಳಿದ್ದ 4 ಸೆಂ.ಮೀ. ಎತ್ತರಕ್ಕೆ ಟ್ರೇ ಕೂರಿಸಿಕೊಡಿ. ನೀರು ಬಿಟ್ಟು ಪರೀಕ್ಷೆ ಮಾಡುವಾಗ ನಾನು ಎದುರಿಗಿರುತ್ತೇನೆ. ಕೋಣೆಯ ಗೋಡೆಯ ರಿಪೇರಿ, ಬಣ್ಣದ ಖರ್ಚನ್ನೂ ನೀವೇ ಭರಿಸಬೇಕು. ಇದು ಆಗದು ಅನ್ನುವುದಾದರೆ ಕ್ಯಾಬಿನ್ ವಾಪಸ್ ತೆಗೆದುಕೊಂಡು 74,500 ರೂಪಾಯಿ ಹಿಂದಿರುಗಿಸಿ.

ಈ ಪತ್ರ ತಲುಪಿದ 15 ದಿನದೊಳಗೆ ಬರಹದಲ್ಲಿ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ (ಫೋನ್ ಸಂಖ್ಯೆ 1915) ದೂರು ಕೊಟ್ಟು, 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಗಾಗಿ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ದೂರು ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದೂ ಇಲ್ಲ. ಬಿಲ್ಲು, ಟ್ರೇಯ ತಳದ ಫೋಟೊ, ಗೋಡೆಯ ಫೋಟೊ, ಸಿಲಿಕಾನ್ ಬಾಯಿ ಬಿಡುವ ವಿಡಿಯೊ ಲಗತ್ತಿಸಿದ್ದೇನೆ.

ಈ ಸಲ ಕಳಿಸುವಾಗ ಗಾರೆ ಕೆಲಸ ಬಲ್ಲವರೊಬ್ಬರು ಜೊತೆಯಲ್ಲಿರಲಿ. ಹಿಂದಿನ ದಿನವೇ ತಿಳಿಸಿದರೆ ರಜೆ ಹಾಕಿ ಮನೆಯಲ್ಲಿರುತ್ತೇನೆ.

ಇಂತಿ,
ನಿಮ್ಮ ಗ್ರಾಹಕ
(ಸಹಿ)