ಹಲ್ಲಿಮರಿಗಳ ಬಾಣಂತನ

ಲೈಪ್‌ಜಿಗ್, ಜರ್ಮನಿ

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಅಪ್ಪನ ಮಂಡಿನೋವು ಹೇಗಿದೆ? ಸಾಗರದಲ್ಲಿ ಮಳೆ ಹಿಡಿದಿದೆ ಅಂತ ಅಕ್ಕ ಹೇಳಿದಳು. ಮೊನ್ನೆ ನೀನು "ಹಲ್ಲಿ ಸಾಕ್ತಾರಾ ಯಾರಾದ್ರೂ?" ಅಂತ ಕೇಳಿ ಫೋನ್ ಇಟ್ಟುಬಿಟ್ಟೆ. ಅದಕ್ಕೇ ಈ ಪತ್ರ.

ಇದು ನಮ್ಮ ಗೋಡೆಯ ಹಲ್ಲಿ ಅಲ್ಲ ಅಮ್ಮ. ಲೆಪರ್ಡ್ ಗೆಕ್ಕೊ ಅಂತ. ಇದಕ್ಕೆ ಗೋಡೆ ಹತ್ತಲು ಬರುವುದಿಲ್ಲ, ಹಾಗಾಗಿ ತಲೆ ಮೇಲೆ ಬೀಳುವ ಮಾತೇ ಇಲ್ಲ. ನಿನ್ನ ಪಂಚಾಂಗದ ಹಲ್ಲಿ ಫಲಕ್ಕೆ ಇಲ್ಲಿ ಕೆಲಸವಿಲ್ಲ! ಹಳದಿ ಮೈ, ಕಪ್ಪು ಚುಕ್ಕೆ, ದಪ್ಪ ಬಾಲ. ಕಣ್ಣಿಗೆ ರೆಪ್ಪೆಯೂ ಇದೆ, ಮಿಟುಕಿಸುತ್ತದೆ. ಮೂಲ ಅಫ್ಘಾನಿಸ್ತಾನ, ಪಾಕಿಸ್ತಾನ, ನಮ್ಮ ದೇಶದ ವಾಯವ್ಯ ಭಾಗ. ಇಲ್ಲಿ ಮನೆಗಳಲ್ಲೇ ಮರಿ ಮಾಡಿಸುತ್ತಾರೆ.

ಯಾರೋ ಬೇಡವೆಂದ ಒಂದು ಹೆಣ್ಣನ್ನು ನಮ್ಮ ಮನೆ ಒಡತಿ ತಂದಿಟ್ಟುಕೊಂಡಿದ್ದರು. ಗಂಡಿನ ಜೊತೆ ಬಿಡಲೇ ಇಲ್ಲ, ಆದರೂ ಅದು ಮೊಟ್ಟೆ ಇಟ್ಟಿತು. ಹಿಂದೆ ಕೂಡಿದ ಗಂಡಿನ ವೀರ್ಯವನ್ನು ಇವು ಮೈಯೊಳಗೆ ಉಳಿಸಿಕೊಳ್ಳುತ್ತವೆ. ಒಂದು ಸಲಕ್ಕೆ ಎರಡು ಮೊಟ್ಟೆ, ಹೀಗೆ ಎರಡು ಸಲ. ಆ ತಾಯಿ ಎನಿಗ್ಮಾ ಅನ್ನುವ ತಳಿ. ಚೆಂದದ ಬಣ್ಣಕ್ಕೆಂದು ಬೆಳೆಸಿದ್ದು. ಆದರೆ ಆ ಬಣ್ಣದ ಜೊತೆಗೇ ನರದ ದೋಷವೂ ಬರುತ್ತದೆ. ಹುಟ್ಟುವ ಮರಿಗಳಲ್ಲಿ ಅರ್ಧದಷ್ಟಕ್ಕೆ ದಾಟಬಹುದು. ಇಟ್ಟ ತಕ್ಷಣ ಮೊಟ್ಟೆಗಳನ್ನು ಫ್ರೀಜರ್‌ಗೆ ಹಾಕಿಬಿಡಿ ಎಂದು ನಾನು ಹೇಳಿದ್ದೆ. ಅವರಿಗೆ ಮನಸ್ಸು ಬರಲಿಲ್ಲ. ಮರಿ ಹೊರಬರುವ ಹೊತ್ತಿಗೆ ಅವರು ಸೊಂಟದ ಆಪರೇಷನ್ ಮಾಡಿಸಿಕೊಂಡು ಆಸ್ಪತ್ರೆಯಲ್ಲಿ. ಬಾಣಂತನ ನನ್ನ ಪಾಲಿಗೆ ಬಂತು.

ಇವುಗಳ ಮೊಟ್ಟೆಯ ಸಿಪ್ಪೆ ಮೆತ್ತಗಿರುತ್ತದೆ. ವರ್ಮಿಕ್ಯುಲೈಟ್ ಅನ್ನುವ, ನೀರು ಹಿಡಿದಿಡುವ ಖನಿಜದ ಹರಳನ್ನು ಒದ್ದೆ ಮಾಡಿ ಅದರಲ್ಲಿ ಅರ್ಧ ಹೂತು, 27 ಡಿಗ್ರಿಯಲ್ಲಿ ಇಟ್ಟರೆ ಸುಮಾರು ಎರಡು ತಿಂಗಳಿಗೆ ಮರಿ. ಶಾಖ ಜಾಸ್ತಿಯಾದರೆ ಮರಿ ಸೊಟ್ಟಗಾಗುವುದೂ ಉಂಟು. ಮರಿ ಮೂತಿಯ ತುದಿಯಲ್ಲಿರುವ ಪುಟ್ಟ ಹಲ್ಲುಗಳಿಂದ ಸಿಪ್ಪೆ ಸೀಳಿ, ತಲೆಯಷ್ಟೇ ಹೊರಗಿಟ್ಟು ಗಂಟೆಗಟ್ಟಲೆ ಮಲಗಿಬಿಡುತ್ತದೆ. ನೋಡುತ್ತಾ ಕೂತವರಿಗೆ ಕೈ ತುರಿಸುತ್ತದೆ. ಆದರೆ ಎಳೆಯಬಾರದು. ಮೊಟ್ಟೆಯೊಳಗೆ ಮರಿಗೆ ಆಹಾರವಾಗುವ ಹಳದಿ ಲೋಳೆಯ ಚೀಲ ಇನ್ನೂ ಹೊಟ್ಟೆಗೆ ಅಂಟಿಕೊಂಡಿರಬಹುದು, ರಕ್ತನಾಳ ಹರಿದರೆ ಮರಿಯ ಕಥೆ ಮುಗಿಯಿತು.

ಒಂದು ಮರಿ ಆ ಚೀಲವನ್ನು ಹೊಟ್ಟೆಯಡಿ ಎಳೆದುಕೊಂಡೇ ಹೊರಬಂತು. ಕಡಲೆಕಾಳಿನಷ್ಟು ಗಾತ್ರ. ಅದನ್ನು ಒದ್ದೆ ಕಿಚನ್ ಪೇಪರ್ ಹಾಸಿದ ಡಬ್ಬಿಯಲ್ಲಿ ಬೇರೆ ಇಟ್ಟೆ. ಮಣ್ಣಾಗಲಿ ತೆಂಗಿನ ನಾರಿನ ಪುಡಿಯಾಗಲಿ ಹಾಕುವಂತಿಲ್ಲ, ಅಂಟಿಕೊಂಡು ಸೋಂಕಾಗುತ್ತದೆ. ಕತ್ತರಿ ಅಂತೂ ಹತ್ತಿರ ತರಬಾರದು. ಪೇಪರ್ ಬದಲಿಸುತ್ತಾ ಇದ್ದೆ, ಅಷ್ಟೇ. ಚೀಲ ತಾನಾಗಿ ಒಳಗೆ ಸೇರಿತು, ಉಳಿದ ಚೂರು ಒಣಗಿ ಬಿತ್ತು. ಈಗ ಎಲ್ಲಕ್ಕಿಂತ ಗಟ್ಟಿ ಮರಿ ಅದೇ.

ಮೊದಲ ಮೂರ್ನಾಲ್ಕು ದಿನ ಮರಿಗಳು ಏನೂ ತಿನ್ನುವುದಿಲ್ಲ. ಪೊರೆ ಬಿಟ್ಟು, ಆ ಪೊರೆಯನ್ನೇ ನುಂಗಿ, ಆಮೇಲೆ ಹುಳಕ್ಕೆ ಬಾಯಿ ಹಾಕುತ್ತವೆ. ಬಡಕಲು ಮರಿಗೆ ಪೊರೆ ಪೂರ್ತಿ ಬಿಡುವುದಿಲ್ಲ. ಬೆರಳಿಗೆ ಸುತ್ತಿಕೊಂಡು ಬಿಗಿಯುತ್ತದೆ, ಹಾಗೇ ಬಿಟ್ಟರೆ ಬೆರಳೇ ಉದುರುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಕಾಲು ನೆನೆಸಿ, ಹತ್ತಿಕಡ್ಡಿಯಿಂದ ಮೆಲ್ಲಗೆ ಉರುಟಿ ತೆಗೆಯಬೇಕು. ಇಡೀ ಮರಿಯೇ ಮೂರು ಗ್ರಾಂ ಇಲ್ಲ, ಅದರ ಬೆರಳು ಎಷ್ಟಿರಬಹುದು ನೀನೇ ಯೋಚಿಸು.

ಇನ್ನೊಂದರ ಬಾಲ ಡೊಂಕು. ಅದಕ್ಕೇನೂ ಮಾಡಬೇಕಿಲ್ಲ, ಚೆನ್ನಾಗಿ ತಿನ್ನುತ್ತದೆ, ಓಡುತ್ತದೆ.

ಕಷ್ಟ ಇರುವುದು ಮೂರನೆಯದಕ್ಕೆ. ತಲೆ ಎಡಕ್ಕೆ ವಾಲಿದೆ. ಚಿಮ್ಮಂಡೆ ಹುಳ ಕಂಡರೆ ಗುರಿಯಿಟ್ಟು ಹಾರುತ್ತದೆ, ಬೆರಳಗಲ ಆಚೆ ಬೀಳುತ್ತದೆ. ಆಮೇಲೆ ಗಾಬರಿಯಾಗಿ ನಿಂತಲ್ಲೇ ಗಿರಗಿರ ಸುತ್ತುತ್ತದೆ. ನಾನು ಹುಳದ ಹಿಂಗಾಲು ಕಿತ್ತು, ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ, ಇಕ್ಕಳದಲ್ಲಿ ಹಿಡಿದು ಮೂತಿಯ ಮುಂದೆ ಅಲ್ಲಾಡದಂತೆ ಇಡುತ್ತೇನೆ. ಹುಳ ಅದರ ಎರಡು ಕಣ್ಣಿನ ನಡುವಿನ ಅಗಲಕ್ಕಿಂತ ದೊಡ್ಡದಿರಬಾರದು. ನಾಲ್ಕೈದು ಸಲ ತಪ್ಪಿದ ಮೇಲೆ ಗಪ್ಪಂತ ಹಿಡಿಯುತ್ತದೆ. ಜೋರು ಬೆಳಕು, ಸದ್ದು, ಪದೇ ಪದೇ ಎತ್ತಿಕೊಳ್ಳುವುದು ಎಲ್ಲ ಬಂದ್. ಗಾಬರಿ ಹೆಚ್ಚಿದಷ್ಟೂ ಸುತ್ತು ಜಾಸ್ತಿ. ಮಗುಚಿ ಬಿದ್ದರೂ ಮುಳುಗದಂತೆ ನೀರು ಬಾಟಲಿ ಮುಚ್ಚಳದಲ್ಲಿ. ಡಬ್ಬಿಯ ಒಂದು ಮೂಲೆ 31 ಡಿಗ್ರಿ ಬೆಚ್ಚಗಿರಬೇಕು, ಇಲ್ಲದಿದ್ದರೆ ತಿಂದದ್ದು ಅರಗುವುದಿಲ್ಲ.

ನಾಲ್ಕನೆಯದನ್ನು ಉಳಿಸಿಕೊಳ್ಳಲಿಲ್ಲ. ಕೆಳದವಡೆ ಅರ್ಧವೇ ಬೆಳೆದಿತ್ತು, ಬಾಯಿ ಮುಚ್ಚುತ್ತಿರಲಿಲ್ಲ. ಪುಡಿ ಆಹಾರ ಕಲಸಿ ಮೂತಿಗೆ ಹಚ್ಚಿದರೆ ನೆಕ್ಕಲು ನೋಡುತ್ತಿತ್ತು, ಆಗುತ್ತಿರಲಿಲ್ಲ. ಬಾಯಿಗೆ ಸುರಿಯೋಣವೆಂದರೆ ಶ್ವಾಸಕೋಶಕ್ಕೆ ಇಳಿಯುವ ಭಯ. ಸರೀಸೃಪ ಬಲ್ಲ ವೈದ್ಯರ ಹತ್ತಿರ ಒಯ್ದೆ. ನೋವಾಗದಂತೆ ಮುಗಿಸುವುದೇ ಒಳ್ಳೆಯದು ಎಂದರು, ನಾನು ಹೂಂ ಅಂದೆ. ಕಂಚಿಯಲ್ಲಿ ಚಿನ್ನದ ಹಲ್ಲಿ, ಬೆಳ್ಳಿ ಹಲ್ಲಿ ಮುಟ್ಟಿ ಬಂದವಳು ನೀನು, ಇದು ಪಾಪ ಅನ್ನಬಹುದು. ನನಗೆ ಹಾಗನ್ನಿಸಲಿಲ್ಲ. ನನಗೆ ಸಿಟ್ಟು ಬರುವುದು ಬಣ್ಣಕ್ಕಾಗಿ ಇಂಥ ಮರಿ ಹುಟ್ಟಿಸುವವರ ಮೇಲೆ. ಲೆಮನ್ ಫ್ರಾಸ್ಟ್ ಅಂತ ಇನ್ನೊಂದು ತಳಿ ಇದೆ. ಅದರ ಬಣ್ಣ ತರುವ ಜೀನೇ ಚರ್ಮದಲ್ಲಿ ಗೆಡ್ಡೆ ತರುತ್ತದೆ ಎಂದು 2021ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ಜರ್ಮನಿಯವರು 2002ರಲ್ಲೇ ಪ್ರಾಣಿರಕ್ಷಣೆಯನ್ನು ಸಂವಿಧಾನಕ್ಕೆ ಸೇರಿಸಿಕೊಂಡಿದ್ದಾರೆ. ನರಳುವ ತಳಿ ಬೆಳೆಸಬಾರದೆಂದು ಕಾನೂನೂ ಇದೆ. ಆದರೂ ಎನಿಗ್ಮಾ ಮನೆಮನೆ ತಿರುಗುತ್ತಿದೆ ನೋಡು.

ಡೊಂಕುಬಾಲದ್ದನ್ನು ಪಕ್ಕದ ಮನೆಯ ಹುಡುಗಿ ಕೇಳಿದ್ದಾಳೆ. ಗಟ್ಟಿ ಮರಿಯನ್ನು ಒಡತಿ ಇಟ್ಟುಕೊಳ್ಳುತ್ತಾರೆ. ಗಿರಗಿರ ಸುತ್ತುವ ಮರಿ ನನ್ನ ಕೋಣೆಯಲ್ಲೇ ಇರಲಿ ಅಂದಿದ್ದೇನೆ, ಅದಕ್ಕೆ ಮರಿ ಮಾಡಿಸುವ ಪ್ರಶ್ನೆ ಇಲ್ಲ. ಚೆನ್ನಾಗಿ ನೋಡಿಕೊಂಡರೆ ಇವು 15-20 ವರ್ಷ ಬದುಕುತ್ತವೆ. ನನಗೆ ಹೆಣ್ಣು ನೋಡುವಾಗ ಅವರಿಗೆ ಈ ವಿಷಯವನ್ನೂ ಹೇಳಿಬಿಡು.

ಇಂತಿ ನಿನ್ನ ಮಗ